ಹೊಗಳಿಕೆ ಬೇಡ, ತಾರೀಖು ಬರೆಯಿರಿ

ಕೇಳುಗರಿಗೆ ನಮಸ್ಕಾರ.

ಕೊಡಗಿನ ಬಹಳಷ್ಟು ಮನೆಗಳಲ್ಲಿ ಒಬ್ಬ ಮೇಷ್ಟ್ರು ಇರುತ್ತಾರೆ. ಅಜ್ಜನೋ, ದೊಡ್ಡಪ್ಪನೋ, ಸೋದರಮಾವನೋ. ಮೂವತ್ತು ಮೂವತ್ತೈದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ, ಬೆಳಗ್ಗೆ ಸಂಜೆ ದೇವರ ಮುಂದೆ ಕುಳಿತು, ನಾಲ್ಕೈದು ಮಕ್ಕಳನ್ನು ದಡ ಸೇರಿಸಿ, ತೊಂಬತ್ತರ ಹತ್ತಿರ ಬದುಕಿದವರು. ಅವರು ತೀರಿಕೊಂಡ ಮೇಲೆ ಮನೆಯವರು ಒಂದು ನೆನಪಿನ ಪುಸ್ತಕ ಅಚ್ಚು ಹಾಕಿಸುತ್ತಾರೆ. ತೆರೆದು ನೋಡಿದರೆ ಏನಿರುತ್ತದೆ? ‘ಶಿಸ್ತಿನ ಸಿಪಾಯಿ’, ‘ಅಜಾತಶತ್ರು’, ‘ಸರಳ ಸಜ್ಜನಿಕೆಯ ಸಾಕಾರಮೂರ್ತಿ’. ಹೆಸರು ಅಳಿಸಿ ಪಕ್ಕದೂರಿನ ಮೇಷ್ಟ್ರ ಹೆಸರು ಬರೆದರೂ ಪುಸ್ತಕ ನಡೆಯುತ್ತದೆ. ನಲವತ್ತು ಪುಟ ಓದಿದರೂ ಅವರು ಯಾವ ಊರಿನ ಶಾಲೆಯಲ್ಲಿ ಎಷ್ಟು ವರ್ಷ ಇದ್ದರು ಎಂಬುದು ಸಿಕ್ಕುವುದಿಲ್ಲ.

ಆದ್ದರಿಂದ ಇವತ್ತು ನನ್ನದು ಒಂದೇ ಮಾತು. ಹೊಗಳಿಕೆ ಬೇಡ. ತಾರೀಖು, ಊರು, ಹೆಸರು. ಈ ಮೂರನ್ನು ಬರೆಯಿರಿ. ಅವರು ಇನ್ನೂ ಜಗಲಿಯಲ್ಲಿ ಕುಳಿತು ಕಾಫಿ ಕುಡಿಯುತ್ತಿದ್ದರಂತೂ ಇವತ್ತೇ ಶುರು ಮಾಡಿ.

ಮೊದಲು ಕೈಹಾಕಬೇಕಾದ್ದು ಕಾಗದಕ್ಕೆ. ವರ್ಗಾವಣೆ ಆದೇಶ, ಪಿಂಚಣಿ ಪುಸ್ತಕ, ಮದುವೆಯ ಕರೆಯೋಲೆ, ಮಕ್ಕಳ ಟಿ.ಸಿ. ಇವೆಲ್ಲ ಟ್ರಂಕಿನ ತಳದಲ್ಲಿ ಇದ್ದೇ ಇರುತ್ತವೆ. ಒಂದು ನೋಟ್‌ಬುಕ್ಕಿನಲ್ಲಿ ಪುಟಕ್ಕೆ ಒಂದು ಊರು ಎಂದು ಬರೆದುಕೊಳ್ಳಿ. ಆ ಪುಟದಲ್ಲಿ ಬಂದ ತಾರೀಖು, ಹೋದ ತಾರೀಖು, ಬಾಡಿಗೆಗಿದ್ದ ಮನೆ ಯಾರದು, ಆ ಊರಲ್ಲಿ ಹುಟ್ಟಿದ ಮಗು ಯಾವುದು, ಇಷ್ಟಿರಲಿ. ಏಳು ವರ್ಗಾವಣೆಯಾಗಿದ್ದರೆ ಏಳು ಪುಟ. ಖಾಲಿ ಉಳಿದ ಪುಟವೇ ನೀವು ಕೇಳಬೇಕಾದ ಪ್ರಶ್ನೆ.

ತಾರೀಖು ನೆನಪಿಲ್ಲ ಎನ್ನುತ್ತಾರೆ. ಸಹಜ. ‘ಯಾವ ಇಸವಿ’ ಎಂದು ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. ಗೂಟ ಹೊಡೆದು ಕೇಳಬೇಕು. ಕೆಲಸಕ್ಕೆ ಸೇರಿದಾಗ ಕೊಡಗು ಪ್ರತ್ಯೇಕ ರಾಜ್ಯವಾಗಿತ್ತೋ, ಮೈಸೂರಿಗೆ ಸೇರಿತ್ತೋ? ಸೇರಿದ್ದು 1956ರ ನವೆಂಬರ್ 1. ಮೊದಲ ಸಂಬಳ ಎಣಿಸಿದ್ದು ಆಣೆಯಲ್ಲೋ, ನಯಾಪೈಸೆಯಲ್ಲೋ? ನಯಾಪೈಸೆ ಬಂದದ್ದು 1957ರ ಏಪ್ರಿಲ್ 1. ಜನರಲ್ ತಿಮ್ಮಯ್ಯ ಸೈಪ್ರಸ್‌ನಲ್ಲಿ ತೀರಿಕೊಂಡ ಸುದ್ದಿ ಬಂದಾಗ ಯಾವ ಶಾಲೆಯಲ್ಲಿದ್ದಿರಿ? ಅದು 1965ರ ಡಿಸೆಂಬರ್. ತಿಂಗಳಿಗೆ ಹಬ್ಬವೇ ಗೂಟ: ಕಕ್ಕಡ ಮಾಸ ಎಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಆಯುಧಪೂಜೆಯ ಕೈಲ್‌ಪೊಳ್ದ್ ಎಂದರೆ ಸೆಪ್ಟೆಂಬರ್ ಮೊದಲ ವಾರ, ತುಲಾ ಸಂಕ್ರಮಣ ಎಂದರೆ ಅಕ್ಟೋಬರ್ ನಡುಭಾಗ. ‘ಹುತ್ತರಿ ಕದಿರು ತೆಗೆದ ಮೂರನೇ ದಿನ ನಾಪೋಕ್ಲಿಗೆ ಹೊರಟೆವು’ ಎಂದು ಸುಗ್ಗಿ ಹಬ್ಬದ ಲೆಕ್ಕದಲ್ಲಿ ಒಮ್ಮೆ ಬಾಯಿಬಿಟ್ಟರೆ ಸಾಕು, ಉಳಿದದ್ದು ತಾನಾಗಿ ಬಿಚ್ಚಿಕೊಳ್ಳುತ್ತದೆ.

ತಾರೀಖು ಎಂದೆನಲ್ಲ, ಶನಿವಾರಸಂತೆ ಕಡೆಯ ಒಂದು ಮನೆಯ ವಿಷಯ ಹೇಳಲೇಬೇಕು. ಆ ಮೇಷ್ಟ್ರ ದಾಖಲೆಯಲ್ಲಿ ಹುಟ್ಟಿದ ದಿನ 1-6-1932. ಮಕ್ಕಳು ಸಹಸ್ರ ಚಂದ್ರದರ್ಶನ, ಅಂದರೆ ಸಾವಿರ ಹುಣ್ಣಿಮೆ ಕಂಡವರಿಗೆ ಮಾಡಿಸುವ ಶಾಂತಿ, ಮಾಡಬೇಕೆಂದುಕೊಂಡರು. ಹುಣ್ಣಿಮೆಯಿಂದ ಹುಣ್ಣಿಮೆಗೆ ಇಪ್ಪತ್ತೊಂಬತ್ತೂವರೆ ದಿನ, ಸಾವಿರ ಹುಣ್ಣಿಮೆಗೆ ಸುಮಾರು 80 ವರ್ಷ 10 ತಿಂಗಳು. ಅಲ್ಲಿಗೆ 2013ರ ಏಪ್ರಿಲ್. ಪುರೋಹಿತರಿಗೆ ಹೇಳಿ, ಕರೆಯೋಲೆಯ ಕರಡೂ ಬಂದಾಯಿತು. ಆಗ ಮೇಷ್ಟ್ರ ಅಕ್ಕ ಬಂದರು, ಅವರಿಗೆ 86. ಕರಡು ಓದಿಸಿ ಕೇಳಿದವರೇ, ‘ಜೂನೂ ಇಲ್ಲ ಗೀನೂ ಇಲ್ಲ. ನೀ ಹುಟ್ಟಿದ್ದು ಕಣ ಮಾಡ್ತಿದ್ದಾಗ ಕಣೋ. ಅವ್ವ ಮೊರ ಕೆಳಗಿಟ್ಟು ಒಳಗೆ ಹೋದೋಳು, ಒಕ್ಕಣೆ ಮುಗಿಯೋದ್ರೊಳಗೆ ನೀನು ಬಂದಿದ್ದೆ. ಶ್ರೀಮುಖ ಸಂವತ್ಸರ, ಮಾಘ. ಅಪ್ಪ ಯಾವಾಗ್ಲೂ ಹೇಳ್ತಿದ್ರು’ ಅಂದರು.

ಹಾಗಾದರೆ ಜೂನ್ ಒಂದು ಎಲ್ಲಿಂದ ಬಂತು? ಶಾಲೆಯ ಹಳೆಯ ದಾಖಲಾತಿ ಪುಸ್ತಕ ತೆಗೆಸಿದರು. 1938ರ ಜೂನ್‌ನಲ್ಲಿ ಸೇರಿದ ಹುಡುಗರು ಒಂಬತ್ತು ಜನ, ಅವರಲ್ಲಿ ಏಳು ಜನರ ಹುಟ್ಟಿದ ದಿನ ಜೂನ್ ಒಂದು! ಅಂದಿನ ಹೆಡ್‌ಮಾಸ್ತರರಿಗೆ ಬೇಕಾಗಿದ್ದುದು ಆರು ವರ್ಷ ತುಂಬಿದ ಹುಡುಗ. ಬಲಗೈ ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿದರೆ ಆರು ತುಂಬಿತು ಎಂದು ಲೆಕ್ಕ. ಇವರದು ಉದ್ದ ಕೈ. ನಾಲ್ಕಕ್ಕೇ ಮುಟ್ಟಿಬಿಟ್ಟಿದ್ದರು.

ಈಗ ಮೊಮ್ಮಗ ಲೆಕ್ಕಕ್ಕೆ ಕುಳಿತ. ಅರವತ್ತು ಸಂವತ್ಸರಗಳಲ್ಲಿ ಮೊದಲನೆಯದು ಪ್ರಭವ, ಅದು 1927ರ ಯುಗಾದಿಗೆ ಶುರು. ಶ್ರೀಮುಖ ಏಳನೆಯದು, ಆದ್ದರಿಂದ 1933. ಮಾಘ ಎಂದರೆ ಜನವರಿ. ‘ಜನವರಿ 1933’ ಎಂದು ಬರೆದು, ಸಮಾರಂಭ 2013ರ ನವೆಂಬರಿಗೆ ಎಂದು ಹೊಸ ಕರಡು ತಂದು ಅಜ್ಜನ ಕೈಗಿಟ್ಟ. ಅಜ್ಜ ಕನ್ನಡಕ ಹಾಕಿಕೊಂಡು, ಕೆಂಪು ಪೆನ್ನಿನಲ್ಲಿ ಇಸವಿಯ ಸುತ್ತ ಒಂದು ಸೊನ್ನೆ ಸುತ್ತಿ ವಾಪಸು ಕೊಟ್ಟರು. ‘ಶ್ರೀಮುಖ ಶುರುವಾಗಿದ್ದು ಯಾವಾಗ? ಯುಗಾದಿಗೆ. ಮಾಘ ಬರೋದು ಯುಗಾದಿಗೆ ಮುಂಚೆಯೋ, ಆಮೇಲೋ? ಲೆಕ್ಕ ತಪ್ಪಿದೆ. ಇನ್ನೊಮ್ಮೆ ಮಾಡು.’

ಸಂವತ್ಸರ ಹಿಡಿದು ಇಸವಿ ಹುಡುಕುವ ಹತ್ತರಲ್ಲಿ ಎಂಟು ಜನ ಬೀಳುವ ಗುಂಡಿ ಇದೇ, ಗಮನಿಸಿ. ಚೈತ್ರದಿಂದ ಕಾರ್ತಿಕದವರೆಗಿನ ತಿಂಗಳಾದರೆ ಯುಗಾದಿಯ ಇಸವಿಯೇ ಸರಿ. ಮಾಘ, ಫಾಲ್ಗುಣವಾದರೆ ಒಂದು ಕೂಡಿಸಬೇಕು. ಮಾರ್ಗಶಿರ, ಪುಷ್ಯ ಡಿಸೆಂಬರ್ ಜನವರಿಗೆ ಅಡ್ಡ ಬೀಳಬಹುದು, ಅವಕ್ಕೆ ಪಂಚಾಂಗವನ್ನೇ ನೋಡಿ. ಶ್ರೀಮುಖದ ಮಾಘ ಎಂದರೆ 1934. ಕೊನೆಗೆ ಅಟ್ಟದಲ್ಲಿ ತಂದೆಯ ಲೆಕ್ಕದ ಪುಸ್ತಕವೂ ಸಿಕ್ಕಿತು. ಭತ್ತದ ಲೆಕ್ಕದ ನಡುವೆ ಒಂದು ಸಾಲು: ‘ಮಾಘ ಶು. 5, ಗಂಡು ಮಗು. ಸೂಲಗಿತ್ತಿಗೆ ಭತ್ತ 10 ಸೇರು, ಸೀರೆ 1.’ ಏಪ್ರಿಲ್‌ನಲ್ಲೇ ಶಾಂತಿ ಮಾಡಿಸಿದ್ದರೆ ಸಾವಿರಕ್ಕೆ ಇಪ್ಪತ್ತು ಹುಣ್ಣಿಮೆ ಕಡಿಮೆ ಬೀಳುತ್ತಿತ್ತು. ಮಾಡಿಸಿದ್ದು 2014ರ ನವೆಂಬರ್‌ನಲ್ಲಿ. ಅವರು ಎಂಥ ಮೇಷ್ಟ್ರು ಎಂದು ತಿಳಿಯಲು ನನಗೆ ಆ ಕೆಂಪು ಸೊನ್ನೆ ಸಾಕು. ಮನೆಯವರು ಆ ಕರಡನ್ನು ಎಸೆಯದೆ ಇಟ್ಟುಕೊಂಡಿದ್ದಾರೆ, ಪುಣ್ಯ.

ಸ್ಟುಡಿಯೊದ ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಬೇಗ ಬೇಗ ಹೇಳುತ್ತೇನೆ.

ಭಕ್ತಿಯ ವಿಷಯ. ‘ಪರಮ ದೈವಭಕ್ತರು’ ಎಂದು ಬರೆದರೆ ಏನೂ ಬರೆದಂತಲ್ಲ. ಎಷ್ಟು ಗಂಟೆಗೆ ಏಳುತ್ತಿದ್ದರು, ದೀಪಕ್ಕೆ ಎಳ್ಳೆಣ್ಣೆಯೋ ಕೊಬ್ಬರಿ ಎಣ್ಣೆಯೋ, ಬತ್ತಿ ಎಷ್ಟು, ಹೂ ಯಾವ ಗಿಡದ್ದು, ಮಳೆಗಾಲದಲ್ಲಿ ಹೂ ಸಿಗದಿದ್ದರೆ ಏನಿಡುತ್ತಿದ್ದರು, ತಲಕಾವೇರಿಗೆ ತೀರ್ಥೋದ್ಭವಕ್ಕೆ ನಡೆದು ಹೋದದ್ದು ಯಾವ ವರ್ಷ, ಜೊತೆಗೆ ಯಾರಿದ್ದರು. ಮಸೀದಿಗೋ ಚರ್ಚಿಗೋ ಹೋಗುವ ಮೇಷ್ಟ್ರಾದರೂ ಪ್ರಶ್ನೆ ಇವೇ.

ಸಂಸಾರದ ವಿಷಯವನ್ನು ಮೇಷ್ಟ್ರ ಹತ್ತಿರ ಕೇಳಬೇಡಿ. ಅವರ ಹೆಂಡತಿಯನ್ನು ಕೇಳಿ. ಏಳು ವರ್ಗಾವಣೆಯಲ್ಲಿ ಏಳು ಸಲ ಪಾತ್ರೆ ಕಟ್ಟಿದವರು, ಬೆಳಗಿನ ಪೂಜೆಗೆ ಮುಂಚೆ ದೇವರ ಸಾಮಾನು ತೊಳೆದಿಟ್ಟವರು ಅವರು. ನೆನಪಿನ ಪುಸ್ತಕಗಳಲ್ಲಿ ಆ ತಾಯಿಗೆ ಸಿಗುವುದು ‘ಸಹಧರ್ಮಿಣಿ’ ಎಂಬ ಒಂದು ಪದ. ನನಗೆ ಇದು ಅನ್ಯಾಯ ಅನಿಸುತ್ತದೆ. ಕನಿಷ್ಠ ಅವರ ತವರೂರು, ತಂದೆತಾಯಿಯ ಹೆಸರು ಬರೆಯಿರಿ.

ಧ್ವನಿ ಹಿಡಿದಿಡಲು ಮೊಬೈಲ್ ಸಾಕು. ಏರೋಪ್ಲೇನ್ ಮೋಡ್‌ಗೆ ಹಾಕಿ, ನಡುವೆ ಕರೆ ಬಂದರೆ ರೆಕಾರ್ಡಿಂಗ್ ತುಂಡಾಗುತ್ತದೆ. ಮಡಿಸಿದ ಟವೆಲ್ ಮೇಲೆ, ಅವರ ಬಾಯಿಂದ ಒಂದೂವರೆ ಗೇಣು ದೂರದಲ್ಲಿಡಿ. ಬರಿ ಮೇಜಿನ ಮೇಲಿಟ್ಟರೆ ಲೋಟ ಇಟ್ಟ ಸದ್ದೂ ಗುಡುಗಿನಂತೆ ಕೇಳುತ್ತದೆ. ತಗಡಿನ ಮಾಡಿನ ಕೆಳಗೆ, ಮಳೆ ಬರುವಾಗ ಬೇಡವೇ ಬೇಡ. ಬೆಳಗಿನ ತಿಂಡಿಯಾದ ಮೇಲೆ ನಲವತ್ತು ನಿಮಿಷ, ಅದಕ್ಕಿಂತ ಹೆಚ್ಚು ಅವರಿಗೆ ಆಯಾಸ. ಮೊದಲು ನೀವೇ ತಾರೀಖು, ಊರು, ಹೆಸರು ಹೇಳಿ ಶುರು ಮಾಡಿ. ‘ನಿಮ್ಮ ಜೀವನದ ಬಗ್ಗೆ ಹೇಳಿ’ ಎನ್ನಬೇಡಿ, ಭಾಷಣ ಬರುತ್ತದೆ. ‘ಮೊದಲ ಶಾಲೆಯ ಬಾಗಿಲು ಯಾವ ದಿಕ್ಕಿಗಿತ್ತು?’ ಎಂದು ಕೇಳಿ. ಒಂದು ಪ್ರತಿ ಬೇರೆ ಊರಿನ ನೆಂಟರ ಹತ್ತಿರ ಇರಲಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಮನೆಗಳ ಜೊತೆ ಟ್ರಂಕುಗಳೂ ಹೋದವು.

ಇನ್ನು ಫೋಟೊ. ನಮ್ಮ ಮಳೆಗಾಲಕ್ಕೆ ಮುಚ್ಚಿದ ಟ್ರಂಕಿನಲ್ಲಿ ಬೂಸಲು ಹಿಡಿದೇ ಹಿಡಿಯುತ್ತದೆ. ಜನವರಿಯ ಒಣ ದಿನ ನೋಡಿ ನೆರಳಲ್ಲಿ ಗಾಳಿಗೆ ಹರಡಿ, ಬಿಸಿಲಿಗಲ್ಲ. ಗಾಜಿಗೆ ಅಂಟಿದ್ದನ್ನು ಕೀಳಬೇಡಿ, ಮುಖವೇ ಕಿತ್ತು ಬರುತ್ತದೆ. ಗಾಜಿನ ಸಮೇತ ಮೊಬೈಲಿನಲ್ಲಿ ತೆಗೆಯಿರಿ. ಲ್ಯಾಮಿನೇಷನ್ ಬೇಡ. ಹಿಂಬದಿಗೆ ಮೆತ್ತನೆಯ ಪೆನ್ಸಿಲ್‌ನಿಂದ, ಅಂಚಿನ ಹತ್ತಿರ, ಒತ್ತದೆ ಬರೆಯಿರಿ. ಬಾಲ್‌ಪೆನ್ನಿನ ಗೀರು ಮುಂದಕ್ಕೆ ಎದ್ದು ಕಾಣುತ್ತದೆ. ಏನು ಬರೆಯಬೇಕೆಂದು ಗೊತ್ತಲ್ಲ? ತಾರೀಖು, ಊರು, ಆಮೇಲೆ ಎಡದಿಂದ ಬಲಕ್ಕೆ ಒಬ್ಬೊಬ್ಬರ ಹೆಸರು. ಶಾಲೆಯ ಗುಂಪು ಫೋಟೊದಲ್ಲಿ ಮಕ್ಕಳ ಹೆಸರನ್ನು ಮೇಷ್ಟ್ರೇ ಹೇಳಬೇಕು, ಬೇರೆ ಯಾರಿಗೂ ಗೊತ್ತಿರುವುದಿಲ್ಲ. ನಮಸ್ಕಾರ.