ಗ್ರ್ಯಾಮಿ ನೋಡೋದಾದ್ರೆ ರಾತ್ರಿದು ಬಿಡಿ, ಮಧ್ಯಾಹ್ನದ್ದು ನೋಡಿ

ನಮಸ್ಕಾರ ಎಲ್ರಿಗೂ. ಇವತ್ತು ಗ್ರ್ಯಾಮಿ, ಅಂದ್ರೆ ಅಮೆರಿಕದ ದೊಡ್ಡ ಸಂಗೀತ ಪ್ರಶಸ್ತಿ ಬಗ್ಗೆ ಮಾತಾಡೋಣ, ಆದ್ರೆ ರೆಡ್ ಕಾರ್ಪೆಟ್ ಮೇಲೆ ಯಾರು ಏನ್ ಹಾಕ್ಕೊಂಡ್ ಬಂದ್ರು ಅನ್ನೋದು ನನ್ನ ಡಿಪಾರ್ಟ್‌ಮೆಂಟ್ ಅಲ್ಲ, ಅದಕ್ಕೆ ಬೇರೆ ಚಾನೆಲ್‌ಗಳು ಬೇಕಾದಷ್ಟಿವೆ. ನಂದು ಒಂದೇ ವಾದ. ಟಿವಿಲಿ ಬರುತ್ತಲ್ಲ ಆ ಮೂರೂವರೆ ಗಂಟೆ ಶೋ, ಅದನ್ನ ನೋಡಿ ಗ್ರ್ಯಾಮಿ ನೋಡ್ದೆ ಅಂದ್ಕೊಂಡ್ರೆ ನೀವು ಗ್ರ್ಯಾಮಿ ನೋಡೇ ಇಲ್ಲ.

ಯಾಕೆ ಅಂದ್ರೆ ಲೆಕ್ಕ ನೋಡಿ. 2025ರಲ್ಲಿ ಒಟ್ಟು 94 ವಿಭಾಗ ಇತ್ತು. ಅದ್ರಲ್ಲಿ ರಾತ್ರಿ ಟಿವಿ ಶೋದಲ್ಲಿ ಕೊಟ್ಟಿದ್ದು ಹತ್ತನ್ನೂ ಮುಟ್ಟಲ್ಲ. ಉಳಿದಿದ್ದೆಲ್ಲ ಅಲ್ಲೇ ಲಾಸ್ ಏಂಜಲೀಸ್‌ನಲ್ಲಿ, ರಾತ್ರಿ ಶೋ ನಡೆಯೋ ಜಾಗದ ಹತ್ತಿರದಲ್ಲೇ ಇರೋ ಪೀಕಾಕ್ ಥಿಯೇಟರ್‌ನಲ್ಲಿ ಮಧ್ಯಾಹ್ನವೇ ಕೊಟ್ಟು ಮುಗಿಸಿರ್ತಾರೆ, ಪ್ರೀಮಿಯರ್ ಸೆರೆಮನಿ ಅಂತ ಅದಕ್ಕೆ ಹೆಸರು. ನಮ್ ಕಡೆ ಮದುವೆಲಿ ಧಾರೆ ಟೈಮಿಗೆ ಮನೆಯವರಷ್ಟೇ ಇರ್ತಾರೆ, ಊರೆಲ್ಲ ಬರೋದು ರಿಸೆಪ್ಷನ್‌ಗೆ, ಥೇಟ್ ಅದೇ ಕಥೆ. ಮದುವೆ ಆಗಿರೋದು ಮಾತ್ರ ಧಾರೆಲೇ.

ನಮ್ಮವರಿಗೆ ಗ್ರ್ಯಾಮಿ ಬಂದಿದೆ ಅಂತ ಬ್ರೇಕಿಂಗ್ ನ್ಯೂಸ್ ಬರುತ್ತಲ್ಲ, ಅದೆಲ್ಲ ಹೆಚ್ಚುಕಮ್ಮಿ ಈ ಮಧ್ಯಾಹ್ನದ ಪ್ರಶಸ್ತಿಗಳೇ. 2024ನ್ನೇ ತಗೊಳ್ಳಿ. ಉಸ್ತಾದ್ ಜಾಕಿರ್ ಹುಸೇನ್‌ಗೆ ಒಂದೇ ದಿನ ಮೂರು ಗ್ರ್ಯಾಮಿ, ಕೊಳಲಿನ ರಾಕೇಶ್ ಚೌರಾಸಿಯಾಗೆ ಎರಡು, ಜಾಕಿರ್ ಅವ್ರೇ ಇದ್ದ ಶಕ್ತಿ ತಂಡದ ಆಲ್ಬಮ್‌ಗೆ ಬೆಸ್ಟ್ ಗ್ಲೋಬಲ್ ಮ್ಯೂಸಿಕ್ ಆಲ್ಬಮ್ ಬಂತು, ಅದ್ರಲ್ಲಿ ಶಂಕರ್ ಮಹಾದೇವನ್, ವಯಲಿನ್ ಗಣೇಶ್ ರಾಜಗೋಪಾಲನ್, ಸೆಲ್ವಗಣೇಶ್ ಎಲ್ಲ ಇದ್ರು. ಎಷ್ಟು ದೊಡ್ಡ ದಿನ ಅದು! ರಾತ್ರಿ ಶೋ ಮಾತ್ರ ನೋಡ್ದವರಿಗೆ ಇದು ನಡೆದಿದ್ದೇ ಗೊತ್ತಾಗಿರಲ್ಲ. (ಅದೇ ವರ್ಷ ಬೆಸ್ಟ್ ಗ್ಲೋಬಲ್ ಮ್ಯೂಸಿಕ್ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಸಿರಿಧಾನ್ಯದ ಮೇಲಿನ ಒಂದು ಹಾಡೂ ನಾಮಿನೇಟ್ ಆಗಿತ್ತು, ಕಲಾವಿದರ ಪಟ್ಟಿಲಿ ನಮ್ಮ ಪ್ರಧಾನಿ ಮೋದಿಯವರ ಹೆಸರೂ ಇತ್ತು. ಗೆದ್ದಿದ್ದು ಜಾಕಿರ್ ಅವ್ರು ನುಡಿಸಿದ ಟ್ರ್ಯಾಕ್. ಜನ ಇದನ್ನ ಇಷ್ಟು ಬೇಗ ಹೆಂಗೆ ಮರೆತ್ರೋ ನಂಗೊತ್ತಿಲ್ಲ.)

ಆಮೇಲೆ ಆಗಿದ್ದು ಕೇಳಿ. 2024ರ ಡಿಸೆಂಬರ್‌ನಲ್ಲಿ ಜಾಕಿರ್ ಹುಸೇನ್ ತೀರಿಕೊಂಡ್ರು. 2025ರ ಫೆಬ್ರವರಿಲಿ ಗ್ರ್ಯಾಮಿ ಶೋ, ಆ ವರ್ಷ ಅಗಲಿದವರನ್ನ ನೆನೆಸ್ಕೊಳ್ಳೋ ಭಾಗ ಇರುತ್ತಲ್ಲ, ಕೋಲ್ಡ್‌ಪ್ಲೇ ಬ್ಯಾಂಡಿನ ಕ್ರಿಸ್ ಮಾರ್ಟಿನ್ ಹಾಡ್ತಿದ್ರೆ ಹಿಂದೆ ಸ್ಕ್ರೀನ್ ಮೇಲೆ ಒಬ್ಬೊಬ್ಬರ ಫೋಟೋ ಬರ್ತಾ ಇತ್ತು, ಅದ್ರಲ್ಲಿ ಜಾಕಿರ್ ಇಲ್ಲ. ವೆಬ್‌ಸೈಟ್ ಪಟ್ಟಿಲಿ ಹೆಸರು ಇದೆ, ಟಿವಿಲಿ ಇಲ್ಲ. ಹಿಂದಿನ ವರ್ಷ ಇದೇ ಗ್ರ್ಯಾಮಿಲಿ ಮೂರು ಗೆದ್ದ ಮನುಷ್ಯ ರೀ! ಆವಾಗ ನಮ್ಮವರೆಲ್ಲ ಇದು ಭಾರತಕ್ಕೆ ಅವಮಾನ ಅಂತ ಬೈದ್ರು, ಬೈದಿದ್ದು ಸರಿನೇ, ಆದ್ರೆ ನಂಗನ್ಸೋದು ಇದ್ರಲ್ಲಿ ದ್ವೇಷ ಗೀಷ ಏನಿಲ್ಲ, ರಾತ್ರಿ ಶೋ ಮಾಡೋರಿಗೆ ಮಧ್ಯಾಹ್ನದ ಲೋಕನೇ ಕಣ್ಣಿಗೆ ಬೀಳಲ್ಲ ಅಷ್ಟೇ. ದ್ವೇಷ ಆಗಿದ್ರೆ ಜಗಳನಾದ್ರೂ ಆಡಬಹುದಿತ್ತು.

ಮಧ್ಯಾಹ್ನ ಏನೇನ್ ನಡೆಯುತ್ತೆ ಗೊತ್ತಾ? ಆಪೆರಾ, ಜಾಜ್, ಕೋರಲ್ ಅಂದ್ರೆ ವೃಂದಗಾನ, ರೆಕಾರ್ಡಿಂಗ್ ಎಂಜಿನಿಯರ್‌ಗಳು, ಆಲ್ಬಮ್ ಕವರ್ ಡಿಸೈನ್, ಒಳಗಿನ ಟಿಪ್ಪಣಿ ಬರೆದವರಿಗೂ ಪ್ರಶಸ್ತಿ. 2025ರಲ್ಲಿ ಆಡಿಯೋಬುಕ್ ವಿಭಾಗದಲ್ಲಿ ಗೆದ್ದಿದ್ದು ಯಾರು, ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್, ಅದೂ ನೂರು ವರ್ಷ ಬದುಕಿ ತೀರಿಕೊಂಡ್ಮೇಲೆ. ಬೆಸ್ಟ್ ರಾಕ್ ಪರ್ಫಾರ್ಮೆನ್ಸ್ ಬೀಟಲ್ಸ್‌ಗೆ, ಆ ಬ್ಯಾಂಡಿನ ಜಾನ್ ಲೆನನ್ ಹಳೇ ಕ್ಯಾಸೆಟ್‌ನಲ್ಲಿ ಹಾಡಿದ್ದ ದನಿನ ಕಂಪ್ಯೂಟರ್‌ನಿಂದ ಪಿಯಾನೋ ಸದ್ದಿಂದ ಬಿಡಿಸಿ ತೆಗೆದು ಮಾಡಿದ ಹಾಡಿಗೆ. ಇದು ಸುದ್ದಿ ಅಲ್ವಾ? ಇನ್ನೊಂದು, ಅತಿ ಹೆಚ್ಚು ಗ್ರ್ಯಾಮಿ ಯಾರ ಹತ್ರ ಅಂದ್ರೆ ಎಲ್ರೂ ಗಾಯಕಿ ಬಿಯಾನ್ಸೆ ಅಂತಾರೆ, ಹೌದು 35 ಇದೆ, ಆದ್ರೆ 2023ರಲ್ಲಿ ಅವ್ರು ಮುರಿದಿದ್ದು ಯಾರ ದಾಖಲೆ? ಜಾರ್ಜ್ ಶೋಲ್ಟಿ ಅನ್ನೋ ಆರ್ಕೆಸ್ಟ್ರಾ ಕಂಡಕ್ಟರ್‌ದು. 31 ಗ್ರ್ಯಾಮಿ. ಹೆಸರು ಕೇಳಿದ್ರಾ?

ಬಿಯಾನ್ಸೆ ವಿಷಯ ಬಂತಲ್ಲ, ರಾತ್ರಿ ಶೋಗೂ ನ್ಯಾಯ ಮಾಡೋಣ. 2025ರಲ್ಲಿ ಕೊನೆಗೂ ಆಲ್ಬಮ್ ಆಫ್ ದ ಇಯರ್ ಅವ್ರಿಗೆ ಬಂತು, ನಾಲ್ಕು ಸಲ ಕೈತಪ್ಪಿದ್ಮೇಲೆ, ಅದೂ ಕಂಟ್ರಿ, ಅಂದ್ರೆ ಅಮೆರಿಕದ ಹಳ್ಳಿಗಾಡಿನ ಶೈಲಿ ಆಲ್ಬಮ್‌ಗೆ. ಬೆಸ್ಟ್ ಕಂಟ್ರಿ ಆಲ್ಬಮ್ ಅಂತ ಟೇಲರ್ ಸ್ವಿಫ್ಟ್ ವೇದಿಕೆ ಮೇಲಿಂದ ಬಿಯಾನ್ಸೆ ಹೆಸರು ಓದಿದಾಗ ಬಿಯಾನ್ಸೆ ಮುಖ ನೋಡಬೇಕಿತ್ತು ನೀವು, ಬಾಯಿ ಬಿಟ್ಟುಕೊಂಡು ಹಂಗೇ ಕೂತಿದ್ರು, ಇಷ್ಟು ಗೆದ್ದವರಿಗೂ ಅಷ್ಟು ಶಾಕ್. ಕೆಂಡ್ರಿಕ್ ಲಮಾರ್ ಇನ್ನೊಬ್ಬ ರ‍್ಯಾಪರ್‌ನ ಬೈದು ಮಾಡಿದ ಹಾಡಿಗೆ ಐದಕ್ಕೆ ಐದೂ ಹೊಡ್ಕೊಂಡು ಹೋದ. ಮಜಾ ಇತ್ತು, ಇಲ್ಲ ಅನ್ನಲ್ಲ. ಅಂದಹಾಗೆ ವೇದಿಕೆ ಮೇಲೆ ಅವ್ರ ಕೈಗೆ ಕೊಡೋ ಆ ಗ್ರಾಮಫೋನ್ ಟ್ರೋಫಿ ಇದೆಯಲ್ಲ, ಅದು ಡಮ್ಮಿ. ಹೆಸರು ಕೆತ್ತಿದ ಅಸಲಿದು ಆಮೇಲೆ ಮನೆಗೆ ಬರುತ್ತೆ, ಕೊಲರಾಡೋದ ಒಂದು ಸಣ್ಣ ಊರಲ್ಲಿ ಕೈಯಲ್ಲೇ ಮಾಡ್ತಾರೆ. ದುಡ್ಡು ಗಿಡ್ಡು ಏನೂ ಕೊಡಲ್ಲ.

ಈಗ ನೀವು ಕೇಳಬಹುದು, ಮಧ್ಯಾಹ್ನದ ಪ್ರಶಸ್ತಿಗಳು ಅಷ್ಟು ಶುದ್ಧನಾ ಅಂತ. ಇಲ್ಲಪ್ಪ. ವೋಟಿಂಗ್ ಹೆಂಗೆ ಅಂದ್ರೆ, ರೆಕಾರ್ಡಿಂಗ್ ಅಕಾಡೆಮಿ ಮೆಂಬರ್‌ಗಳು, ಅಂದ್ರೆ ಸಂಗೀತದ ಕೆಲಸದಲ್ಲೇ ಇರೋರು, ದೊಡ್ಡ ಆರು ವಿಭಾಗಕ್ಕೆ ಎಲ್ರೂ ವೋಟ್ ಹಾಕಬಹುದು, ಅದು ಬಿಟ್ರೆ ಮೂರು ಫೀಲ್ಡ್ (ಅಂದ್ರೆ ಒಂದೇ ಥರದ ವಿಭಾಗಗಳ ಗುಂಪು) ಒಳಗೆ ಹತ್ತು ವಿಭಾಗಕ್ಕೆ ಮಾತ್ರ. ಗೊತ್ತಿರೋದಕ್ಕೆ ಮಾತ್ರ ವೋಟ್ ಹಾಕ್ಲಿ ಅಂತ ಈ ಮಿತಿ. ಗೊತ್ತಿಲ್ಲದವರು ಹಾಕಿದ್ರೆ ಏನಾಗುತ್ತೆ ಅನ್ನೋದಕ್ಕೆ 1989 ಇದೆ, ಹಾರ್ಡ್ ರಾಕ್ ಮೆಟಲ್ ಪ್ರಶಸ್ತಿ ಮೊದಲನೇ ಸಲ ಇಟ್ಟು, ಪಕ್ಕಾ ಮೆಟಲ್ ಬ್ಯಾಂಡ್ ಮೆಟಾಲಿಕಾನ ಬಿಟ್ಟು ಕೊಳಲೂದೋ ಜೆಥ್ರೋ ಟಲ್ ಬ್ಯಾಂಡಿಗೆ ಕೊಟ್ರು! ಆದ್ರೆ ಮಿತಿ ಇದ್ರೆ ಸಣ್ಣ ವಿಭಾಗದಲ್ಲಿ ವೋಟ್ ಹಾಕೋರೂ ಕಮ್ಮಿ ಆಗ್ತಾರೆ, ಅವಾಗ ಸಂಗೀತದ ಜೊತೆ ಪರಿಚಯ, ಪ್ರಚಾರ, ಮೆಂಬರ್‌ಗಳನ್ನ ಹಿಡಿದು ಕೇಳಿಸೋ ತಾಕತ್ತು ಇವೆಲ್ಲ ಲೆಕ್ಕಕ್ಕೆ ಬರುತ್ತೆ ಅಂತ ನನ್ನ ಅನುಮಾನ.

ನ್ಯೂ ಏಜ್ ವಿಭಾಗ ನೋಡಿ, ಅಂದ್ರೆ ಧ್ಯಾನಕ್ಕೆ ಹೊಂದೋ ಥರದ ಶಾಂತ ಸಂಗೀತ. 2025ರಲ್ಲಿ ನಾಮಿನೇಟ್ ಆದವರಲ್ಲಿ ನಾಲ್ಕು ಜನ ಭಾರತದ ನಂಟಿರೋರು, ನಮ್ಮ ಬೆಂಗಳೂರಿನ ರಿಕಿ ಕೇಜ್, ಅನುಷ್ಕಾ ಶಂಕರ್, ರಾಧಿಕಾ ವೆಕಾರಿಯಾ, ಚಂದ್ರಿಕಾ ಟಂಡನ್. ಗೆದ್ದಿದ್ದು ಚಂದ್ರಿಕಾ, ಮತ್ತೆ ಅವ್ರ ಜೊತೆ ಇದ್ದ ಕೊಳಲುವಾದಕ ವೌಟರ್ ಕೆಲ್ಲರ್‌ಮನ್, 2015ರಲ್ಲಿ ರಿಕಿ ಕೇಜ್ ಮೊದಲ ಗ್ರ್ಯಾಮಿ ಗೆದ್ದಾಗ ಜೊತೆಗಿದ್ದವರು ಇದೇ ಕೆಲ್ಲರ್‌ಮನ್! ಹತ್ತು ವರ್ಷ ಆದ್ಮೇಲೆ ಆಚೆ ಕಡೆ ತಂಡದಲ್ಲಿ. ಅನುಷ್ಕಾಗೆ ಹತ್ತಕ್ಕಿಂತ ಹೆಚ್ಚು ನಾಮಿನೇಷನ್ ಬಂದಿದ್ರೂ ಅವತ್ತೂ ಬರಿಗೈ, ನನ್ನ ಪ್ರಕಾರ ಆ ಪಟ್ಟಿಲಿ ಒಳ್ಳೇ ಆಲ್ಬಮ್ ಅವರದ್ದೇ. ಸಿತಾರ್‌ನ ನ್ಯೂ ಏಜ್ ಡಬ್ಬಿಗೆ ಯಾಕೆ ಹಾಕ್ತಾರೋ, ಅದು ಇನ್ನೊಂದು ಎಪಿಸೋಡ್.

ಇದ್ರಲ್ಲಿ ನಮ್ದೂ ತಪ್ಪಿದೆ. 2023ರಲ್ಲಿ ರಿಕಿ ಕೇಜ್ ಮೂರನೇ ಗ್ರ್ಯಾಮಿ ಗೆದ್ದಾಗ ಬೆಂಗಳೂರಿಗನಿಗೆ ಗ್ರ್ಯಾಮಿ ಅಂತ ಶುಭಾಶಯದ ಮೇಲೆ ಶುಭಾಶಯ. ಅದು ಇಮ್ಮರ್ಸಿವ್ ಆಡಿಯೋ ವಿಭಾಗ, ಅಂದ್ರೆ ಮುಂದೆ ಹಿಂದೆ ತಲೆ ಮೇಲೆ ಎಲ್ಲ ಕಡೆಯಿಂದ ಸದ್ದು ಬರೋ ಹಂಗೆ ಮಿಕ್ಸ್ ಮಾಡೋದು, ಪಕ್ಕಾ ಸೌಂಡ್ ಎಂಜಿನಿಯರಿಂಗ್ ಕೆಲಸ, ‘ದ ಪೊಲೀಸ್’ ಅನ್ನೋ ರಾಕ್ ಬ್ಯಾಂಡಿನ ಡ್ರಮ್ಮರ್ ಸ್ಟುವರ್ಟ್ ಕೋಪ್‌ಲ್ಯಾಂಡ್ ಜೊತೆ ಮಾಡಿದ್ದ ಆಲ್ಬಮ್. ಯಾವ ವಿಭಾಗ ಅಂತ ಒಬ್ಬನಾದ್ರೂ ಓದಿದ್ನಾ? ಆಲ್ಬಮ್ ಕೇಳಿದವರು ಎಷ್ಟು ಜನ? ಪೋಸ್ಟ್ ಶೇರ್ ಮಾಡಿದವರನ್ನ ಕೇಳಿದ್ರೆ ಹೆಸರೂ ಬರಲ್ಲ ಬಾಯಲ್ಲಿ.

ಸರಿ, ಮುಂದಿನ ಸಲ ಪ್ರೀಮಿಯರ್ ಸೆರೆಮನಿ ಯೂಟ್ಯೂಬ್‌ನಲ್ಲೇ ಫ್ರೀಯಾಗಿ ಬರುತ್ತೆ, ನಮಗೆ ಸೋಮವಾರ ನಡುರಾತ್ರಿ ಎರಡು ಗಂಟೆ ಹತ್ರ ಶುರು ಆಗುತ್ತೆ, ನಿದ್ದೆಗೆಡೋಕಾಗ್ದೆ ಇದ್ರೆ ಬೆಳಗ್ಗೆ ಎದ್ದು ನೋಡಿ. ಅಲ್ಲಿತನಕ ಜಾಕಿರ್, ರಾಕೇಶ್, ಬೇಲಾ ಫ್ಲೆಕ್, ಎಡ್ಗರ್ ಮೇಯರ್ ನಾಲ್ಕೇ ಜನ ಸೇರಿ ಮಾಡಿದ ಆಲ್ಬಮ್ ಹಾಕ್ಕೊಳ್ಳಿ, ತಬಲಾ, ಕೊಳಲು, ಬ್ಯಾಂಜೋ, ಡಬಲ್ ಬಾಸ್ ಅಷ್ಟೇ, ಮೊಬೈಲ್ ಸ್ಪೀಕರ್‌ನಲ್ಲಿ ಕೇಳ್ಬೇಡಿ ದಯವಿಟ್ಟು. ಸಿಗೋಣ.