ಚಿನ್ನ ಅಸಲಿ, ತೂಕ ಸರಿ, ಆದರೂ ವರಹ ನಕಲಿ!

[ಕ್ಯಾಮೆರಾ ಮುಂದೆ]

ನಮಸ್ಕಾರ. ಇವತ್ತಿನ ಪ್ರಶ್ನೆ ಗಂಗಾವತಿಯ ವೀಕ್ಷಕರೊಬ್ಬರದು. "ಅಣ್ಣಾ, ಕೃಷ್ಣದೇವರಾಯನ ಕಾಲದ ನಾಣ್ಯ ಅಂತ ಒಬ್ರು ತೋರಿಸ್ಯಾರ. ಅಕ್ಕಸಾಲಿಗರ ಹತ್ರ ಒಯ್ದೆ. ಚಿನ್ನ ಅಸಲಿ, ತೂಕಾನೂ ಸರಿ ಐತಿ ಅಂದ್ರು. ತಗೋಬಹುದಲ್ಲ?"

ತಡಿ ತಮ್ಮಾ, ದುಡ್ಡು ಜೇಬಲ್ಲೇ ಇರಲಿ.

ಮೊದಲು ಪಟಪಟ ಅಂತ ಪರಿಚಯ. ಕೃಷ್ಣದೇವರಾಯ ಆಳಿದ್ದು 1509ರಿಂದ 1529. ವರಹ ಅಂದರೆ ಆ ಕಾಲದ ಚಿನ್ನದ ನಾಣ್ಯ. ತೂಕ ಸುಮಾರು 3.4 ಗ್ರಾಂ, ಅರ್ಧ ವರಹ 1.7. ಒಂದು ಕಡೆ ಬೆಣ್ಣೆ ಹಿಡಿದು ಕೂತ ಬಾಲಕೃಷ್ಣ. ಇನ್ನೊಂದು ಕಡೆ ನಾಗರಿಯಲ್ಲಿ ಮೂರು ಸಾಲು: ಶ್ರೀ ಪ್ರತಾಪ ಕೃಷ್ಣರಾಯ. ಇಷ್ಟು ಸಾಕು.

ಹಿತ್ತಾಳೆಗೆ ಚಿನ್ನದ ನೀರು ಕೊಟ್ಟು ಮಾರುವವನು ಒರೆಗಲ್ಲಿಗೇ ಸಿಕ್ಕಿಬೀಳುತ್ತಾನೆ. ಜಾಣ ಕಳ್ಳ ಚಿನ್ನದಲ್ಲೇ ಮಾಡುತ್ತಾನೆ. ಅವನು ಮಾರುವುದು ಚಿನ್ನವನ್ನಲ್ಲ, ಐನೂರು ವರ್ಷದ ವಯಸ್ಸನ್ನು. ಕ್ಯಾರೆಟ್ ಮೀಟರ್ ಲೋಹ ಏನು ಅಂತ ಹೇಳುತ್ತದೆ, ಹುಟ್ಟಿದ ದಿನ ಹೇಳುವುದಿಲ್ಲ.

[ಸ್ಕ್ರೀನ್ ಮೇಲೆ: ಎರಡು ನಾಣ್ಯಗಳು ಅಕ್ಕಪಕ್ಕ]

ಈಗ ನನಗೆ ತುಂಬಾ ಇಷ್ಟವಾದ ಭಾಗ. ಈ ಎರಡನ್ನು ನೋಡಿ. ಎರಡರಲ್ಲೂ ಬಾಲಕೃಷ್ಣ ಸ್ವಲ್ಪ ಎಡಕ್ಕೆ ಸರಿದಿದ್ದಾನೆ. ಎರಡರಲ್ಲೂ ಅಂಚು ಒಂದೇ ಕಡೆ ಸೀಳಿದೆ. ಮೊಣಕಾಲಿನ ಹತ್ತಿರ ಒಂದೇ ಥರದ ಗೀರು. ಅವಳಿ ಜವಳಿ! ಸಂಶಯ ಬರಬೇಕಾದದ್ದೇ ಇಲ್ಲಿ.

ಯಾಕೆ ಅಂದರೆ ವರಹವನ್ನು ಕೈಯಲ್ಲಿ ಹೊಡೆಯುತ್ತಿದ್ದರು. ಕೆಳಗೊಂದು ಅಚ್ಚು, ಮೇಲೊಂದು ಅಚ್ಚು, ನಡುವೆ ಚಿನ್ನದ ಬಿಲ್ಲೆ, ಮೇಲೆ ಸುತ್ತಿಗೆ ಏಟು. ನಮ್ಮ ಕಡೆ ಜೋಳದ ರೊಟ್ಟಿ ಬಡಿಯುವುದನ್ನು ನೋಡಿದ್ದೀರಲ್ಲ? ಅದೇ ಹಿಟ್ಟು, ಅದೇ ಕೈ, ಅದೇ ಹಂಚು. ಆದರೂ ಒಂದರ ಅಂಚು ಇಲ್ಲಿ ಹರಿದಿರುತ್ತದೆ, ಇನ್ನೊಂದರದು ಅಲ್ಲಿ. ಒಂದಕ್ಕೆ ನಡುವೆ ಕರಿ ಚುಕ್ಕೆ, ಇನ್ನೊಂದಕ್ಕೆ ಬದಿಯಲ್ಲಿ. ಬುಟ್ಟಿಯಲ್ಲಿ ಎರಡು ರೊಟ್ಟಿಗೆ ಅದೇ ಜಾಗದಲ್ಲಿ ಅದೇ ಆಕಾರದ ಚುಕ್ಕೆ ಕಂಡರೆ ಅವು ಅವ್ವ ಬಡಿದ ರೊಟ್ಟಿ ಅಲ್ಲ, ಜೆರಾಕ್ಸ್! (ಬುಟ್ಟಿ ಮಾತ್ರ ಈ ಕಡೆ ಕಳಿಸಿ, ಪರೀಕ್ಷೆ ನಾನೇ ಮಾಡುತ್ತೇನೆ.)

ಕಳ್ಳ ಮಾಡುವುದೂ ಅದನ್ನೇ. ಒಂದು ಅಸಲಿ ನಾಣ್ಯ ಹಿಡಿದು ಅಚ್ಚು ತೆಗೆಯುತ್ತಾನೆ. ಬಾಲಕೃಷ್ಣನ ಜೊತೆ ಆ ನಾಣ್ಯದ ಗೀರು, ತಗ್ಗು, ಸವೆತ ಎಲ್ಲವೂ ಅಚ್ಚಿಗೆ ಬರುತ್ತವೆ. ಆಮೇಲೆ ಹುಟ್ಟುವ ಪ್ರತಿ ಮರಿಗೂ ಅದೇ ಮಚ್ಚೆ. ಅದಕ್ಕೇ ಹರಾಜು ಸಂಸ್ಥೆಗಳ ಹಳೆಯ ಫೋಟೋಗಳನ್ನು ತೆಗೆದು ಗೀರಿಗೆ ಗೀರು ಹೋಲಿಸಿ. ನಿಮ್ಮದರ ಗೀರು ಬೇರೆ ನಾಣ್ಯದ ಮೇಲೂ ಇದ್ದರೆ ಕಥೆ ಮುಗಿಯಿತು.

ಟೈಮ್ ಆಗುತ್ತಿದೆ, ಉಳಿದದ್ದು ಒಟ್ಟಿಗೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಹಿಡಿದು ನೋಡಿ. ಎರಕ ಹೊಯ್ದು ಮಾಡಿದ ನಕಲಿ ನಾಣ್ಯದಲ್ಲಿ ಗಾಳಿಗುಳ್ಳೆಯ ಸಣ್ಣ ತೂತು, ಗುಂಡಗಿನ ಗುಳ್ಳೆ, ಅಂಚಿನಲ್ಲಿ ಬೆಸುಗೆಯಂಥ ಗೆರೆ ಕಾಣಬಹುದು. ಅಕ್ಷರದ ಬುಡ ಮೊಂಡಾಗಿರುತ್ತದೆ. ಬ್ರಿಟಿಷರ ಬೆಳ್ಳಿ ರೂಪಾಯಿ ಆದರೆ 11.66 ಗ್ರಾಂ ಇರಬೇಕು, ಬಳಕೆಯಲ್ಲಿ ಸವೆದಿದ್ದರೆ ತುಸು ಕಡಿಮೆ. ಅದು ಯಂತ್ರದಲ್ಲಿ ಆದದ್ದು, ಹಾಗಾಗಿ ಚಿತ್ರ ಒಂದೇ ಇರುವುದು ಸಹಜ. ಗೀರು ಒಂದೇ ಇರಬಾರದು ಅಷ್ಟೇ. ಇಸವಿಯ ಕೊನೆಯ ಅಂಕಿಯನ್ನೂ ಲೂಪಿನಲ್ಲಿ ನೋಡಿ, ಅಪರೂಪದ ವರ್ಷ ಮಾಡಲು ಅದನ್ನು ತಿದ್ದುವವರಿದ್ದಾರೆ.

"ಹೊಲ ಉಳುವಾಗ ಸಿಕ್ತು" ಅನ್ನುವ ಕಥೆ ಬಂದರೆ? ಸುಳ್ಳಾದರೆ ನಾಣ್ಯವೂ ನಕಲಿ ಇರಬಹುದು. ನಿಜವಾದರೆ ಇನ್ನೂ ಜಾಸ್ತಿ ತಲೆನೋವು. ನಿಧಿ ಕಾಯ್ದೆ ಪ್ರಕಾರ ನೆಲದಲ್ಲಿ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಎರಡರಲ್ಲೂ ನೀವು ಕೊಳ್ಳುವ ಮಾಲಲ್ಲ ಅದು.

ಇನ್ನು, ಹನುಮಂತನ ಚಿತ್ರದ '1818 ಒಂದಾಣೆ' ಬಗ್ಗೆ ಕೇಳುತ್ತಲೇ ಇರುವವರಿಗೆ: ಅದು ಈಸ್ಟ್ ಇಂಡಿಯಾ ಕಂಪನಿ ಹೊರಡಿಸಿದ ನಾಣ್ಯವೇ ಅಲ್ಲ. ಅಕ್ಕಿಕಾಳು ಎಳೆಯುತ್ತದೆ, ಕೋಟಿಗೆ ಹೋಗುತ್ತದೆ ಅಂತ ಯಾರಾದರೂ ಅಂದರೆ, ಆ ಕೋಟಿ ಅವರೇ ಇಟ್ಟುಕೊಳ್ಳಲಿ ಬಿಡಿ.