ಗಾಜಿನ ಮೇಲೆ ಉಳಿದ ಊರು

ಎಲ್ಲರಿಗೂ ನಮಸ್ಕಾರ. ಸಂಘದವರು ನನ್ನನ್ನು ಕರೆಯುವಾಗಲೇ ಒಂದು ಷರತ್ತು ಹಾಕಿದ್ದರು. ಲೆನ್ಸು, ಅಪರ್ಚರ್ ಅಂತ ಕೊರೆಯಬೇಡಿ, ಏನಾದರೂ ಕಥೆ ಹೇಳಿ ಅಂತ. ಆಯ್ತು ಅಂದೆ. ಹಾಗಾಗಿ ಇವತ್ತು ಲೆನ್ಸಿನ ಮಾತು ಕಮ್ಮಿ, ಮೀನಿನ ಮಾತು ಜಾಸ್ತಿ. ಮಲ್ಪೆ ಕಡೆಯವರು ಇಲ್ಲಿ ತುಂಬಾ ಜನ ಇದ್ದೀರಿ, ನಿಮಗಂತೂ ಬೇಜಾರಾಗಲಿಕ್ಕಿಲ್ಲ.

ಊರಿನ ಹೆಸರು ವಿಕ್. ಸ್ಕಾಟ್ಲೆಂಡಿನ ಮ್ಯಾಪಿನಲ್ಲಿ ಬಲಗಡೆ, ಮೇಲಿನ ಮೂಲೆ. ಕೇತ್ನೆಸ್ ಅನ್ನುವ ಸೀಮೆ. ಜನಸಂಖ್ಯೆ ಸುಮಾರು 7,000. ಇನ್ವರ್ನೆಸ್‌ನಲ್ಲಿ ರೈಲು ಹತ್ತಿದರೆ ನಾಲ್ಕು ಗಂಟೆಗೂ ಜಾಸ್ತಿ ಕೂರಬೇಕು. ಕೊನೆಯಲ್ಲಿ ಜಾರ್ಜ್‌ಮಾಸ್ ಅಂತ ಒಂದು ಜಂಕ್ಷನ್ ಬರುತ್ತದೆ. ರೈಲು ಅಲ್ಲಿಂದ ಥರ್ಸೊ ಅನ್ನುವ ಊರಿಗೆ ಹೋಗುತ್ತದೆ, ಆಮೇಲೆ ಬಂದ ದಾರಿಯಲ್ಲೇ ವಾಪಸ್ ಜಾರ್ಜ್‌ಮಾಸ್‌ಗೆ ಬರುತ್ತದೆ. ಅದೇ ಬೋರ್ಡು ಎರಡನೇ ಸಲ ಕಿಟಕಿಯಲ್ಲಿ ಕಂಡಾಗ ನನಗೆ ಗಾಬರಿ. ರೈಲು ಇನ್ವರ್ನೆಸ್‌ಗೇ ಹೊರಟಿತು ಅಂದುಕೊಂಡೆ. ಎದುರಿಗೆ ಕೂತಿದ್ದ ಅಜ್ಜಿ ಹೆಣಿಗೆಯಿಂದ ತಲೆ ಎತ್ತದೆ, "ಕೂತ್ಕೊಳ್ಳಿ, ಇನ್ನು ವಿಕ್ ಬರುತ್ತೆ" ಅಂದರು. ನನ್ನ ಹಾಗೆ ಎದ್ದು ನಿಂತವರನ್ನು ಎಷ್ಟು ಸಲ ನೋಡಿದ್ದರೋ.

ಆ ಊರಿಗೆ ಹೋದವರೆಲ್ಲ ಒಂದು ಫೋಟೋ ತೆಗೆದೇ ತೆಗೆಯುತ್ತಾರೆ. ಎಬೆನೀಜರ್ ಪ್ಲೇಸ್. ಜಗತ್ತಿನ ಅತಿ ಚಿಕ್ಕ ಬೀದಿ ಅಂತ ಗಿನ್ನೆಸ್ ದಾಖಲೆ ಇದೆ, ಉದ್ದ 2.06 ಮೀಟರ್. ಒಂದು ಹೋಟೆಲಿನ ಮೂಲೆ, ಒಂದು ಬಾಗಿಲು, ಮುಗೀತು. ನಾನೂ ನಿಂತು ತೆಗೆಸಿಕೊಂಡೆ. ತೋರಿಸೋದಿಲ್ಲ, ಅದರಲ್ಲಿ ನನ್ನ ಹೊಟ್ಟೆಯೇ ಅರ್ಧ ಬೀದಿ ತುಂಬಿದೆ.

ಆದರೆ ನಾನು ಹೋಗಿದ್ದು ಬೇರೆ ಫೋಟೋಗಳಿಗಾಗಿ.

ಮೊದಲು ಮೀನು. ಅದಿಲ್ಲದೆ ಈ ಊರು ಅರ್ಥ ಆಗುವುದಿಲ್ಲ. ಹೆರಿಂಗ್ ಅಂದರೆ ನಮ್ಮ ಬೂತಾಯಿಯ ದೂರದ ನೆಂಟ. ಹೊಳೆಯುವ ಮೈ, ಎಣ್ಣೆ ಜಾಸ್ತಿ, ಗುಂಪಿನಲ್ಲೇ ಓಡಾಟ. ಅಲ್ಲಿಯವರು ಅದನ್ನು ಮುದ್ದಿನಿಂದ 'ಬೆಳ್ಳಿ ಚಿನ್ನ' ಅನ್ನುವ ಹಾಗೆ ಕರೆಯುತ್ತಿದ್ದರು. 19ನೇ ಶತಮಾನದ ಶುರುವಿನಲ್ಲಿ ಬ್ರಿಟಿಷ್ ಫಿಶರೀಸ್ ಸೊಸೈಟಿಯವರು ವಿಕ್ ನದಿಯ ದಕ್ಷಿಣ ದಡದಲ್ಲಿ ಮೀನಿಗಾಗಿಯೇ ಒಂದು ಹೊಸ ಊರು ಕಟ್ಟಿಸಿದರು. ಪುಲ್ಟನಿಟೌನ್ ಅಂತ ಹೆಸರು. ನಕ್ಷೆ ಹಾಕಿದವರು ಥಾಮಸ್ ಟೆಲ್‌ಫರ್ಡ್, ಆ ಕಾಲದ ದೊಡ್ಡ ಎಂಜಿನಿಯರ್. ಕೆಳಗೆ ಬಂದರಿನ ಪಕ್ಕ ಉಪ್ಪು ಹಾಕುವ ಅಂಗಳ, ಪೀಪಾಯಿ ಮಾಡುವ ಶೆಡ್ಡು, ಗೋದಾಮು. ಮೇಲೆ ದಿಬ್ಬದಲ್ಲಿ ಮನೆಗಳು. ನಾತ ಕೆಳಗೇ ಇರಲಿ ಅನ್ನುವ ಲೆಕ್ಕ. ಗಾಳಿ ಆ ಲೆಕ್ಕ ಕೇಳುತ್ತಿತ್ತೋ ಇಲ್ಲವೋ, ಅದು ಬೇರೆ ಮಾತು.

1860ರ ಹೊತ್ತಿಗೆ ಸೀಸನ್ನಿನಲ್ಲಿ ಅಲ್ಲಿ ಸಾವಿರಕ್ಕೂ ಜಾಸ್ತಿ ದೋಣಿ ಸೇರುತ್ತಿದ್ದವು. ಯುರೋಪಿನಲ್ಲೇ ಅತಿ ದೊಡ್ಡ ಹೆರಿಂಗ್ ಬಂದರು ಅನ್ನಿಸಿಕೊಂಡಿತ್ತು. ದೋಣಿಯಿಂದ ದೋಣಿಗೆ ಕಾಲಿಡುತ್ತಾ ಬಂದರು ದಾಟಬಹುದಿತ್ತು ಅಂತ ಊರವರು ಇವತ್ತಿಗೂ ಹೇಳುತ್ತಾರೆ.

ಅದೇ ಹೊತ್ತಿಗೆ, 1863ರಲ್ಲಿ, ಅಲೆಕ್ಸಾಂಡರ್ ಜಾನ್‌ಸ್ಟನ್ ಅನ್ನುವವರು ವಿಕ್‌ನಲ್ಲಿ ಫೋಟೋ ಕೆಲಸ ಶುರುಮಾಡಿದರು. ಅವರಾದ ಮೇಲೆ ಮಗ, ಮಗನಾದ ಮೇಲೆ ಮೊಮ್ಮಗ. ಮೂರು ತಲೆಮಾರು. 1975ರವರೆಗೂ ಆ ಮನೆತನದ ಕ್ಯಾಮೆರಾ ಒಂದೇ ಊರನ್ನು ನೋಡುತ್ತಾ ಬಂತು. ನೂರಕ್ಕೂ ಮೀರಿದ ವರ್ಷ! ಮದುವೆ, ಮಗು, ಶಾಲೆ, ಫುಟ್‌ಬಾಲ್ ತಂಡ, ಅಂಗಡಿ ಬಾಗಿಲಲ್ಲಿ ನಿಂತ ಯಜಮಾನ, ಬಂದರಿನಲ್ಲಿ ಬಂದು ನಿಂತ ಹಡಗು. ಇವತ್ತು ಹತ್ತಾರು ಸಾವಿರ ನೆಗೆಟಿವ್ ಉಳಿದಿವೆ. ಹೆಚ್ಚಿನವು ಗಾಜಿನವು.

ಸ್ಕಾಟ್ಲೆಂಡಿನ ಫೋಟೋಗ್ರಫಿ ಅಂದಕೂಡಲೇ ಪುಸ್ತಕಗಳಲ್ಲಿ ಹಿಲ್ ಮತ್ತು ಆಡಮ್‌ಸನ್ ಹೆಸರು ಬರುತ್ತದೆ. 1840ರ ದಶಕದಲ್ಲೇ ಎಡಿನ್‌ಬರ್ಗ್ ಹತ್ತಿರದ ನ್ಯೂಹೇವನ್‌ನಲ್ಲಿ ಮೀನು ಮಾರುವ ಹೆಂಗಸರ ಚಿತ್ರ ತೆಗೆದವರು. ಅಷ್ಟು ಬೇಗ ಅಲ್ಲಿ ಯಾಕೆ ಅಂದರೆ, ಟಾಲ್ಬಟ್ ಅನ್ನುವ ಇಂಗ್ಲಿಷಿನವನು ಕಾಗದದ ಮೇಲೆ ಫೋಟೋ ಮೂಡಿಸುವ ತನ್ನ ಕ್ಯಾಲೊಟೈಪ್ ವಿಧಾನಕ್ಕೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಮಾಡಿಸಿದ್ದ, ಸ್ಕಾಟ್ಲೆಂಡಿನಲ್ಲಿ ಮಾಡಿಸಿರಲಿಲ್ಲ. ಅಲ್ಲಿ ಯಾರು ಬೇಕಾದರೂ ಪುಕ್ಕಟೆ ಬಳಸಬಹುದಿತ್ತು. ಅವರ ಚಿತ್ರ ಚೆನ್ನಾಗಿವೆ, ಬೆಳಕು ನೋಡಿದರೆ ಚಿತ್ರಕಲೆಯ ಹಾಗೇ ಇದೆ. ಆದರೆ ಅವರು ನ್ಯೂಹೇವನ್‌ಗೆ ಕಲಾವಿದರಾಗಿ ಹೋಗಿ ಬಂದವರು. ಜಾನ್‌ಸ್ಟನ್ ಮನೆತನದವರು ವಿಕ್‌ನಲ್ಲೇ ಅಂಗಡಿ ಇಟ್ಟುಕೊಂಡಿದ್ದವರು. ದುಡ್ಡು ಕೊಟ್ಟವರ ಫೋಟೋ ತೆಗೆದರು, ಪ್ರಿಂಟು ಹಾಕಿ ಕೊಟ್ಟರು. ನನಗೆ ಈ ಅಂಗಡಿಯವರೇ ಜಾಸ್ತಿ ಇಷ್ಟ.

ಒಂದು ನಿಮಿಷ ಕೆಲಸದ ಕಷ್ಟ ಹೇಳುತ್ತೇನೆ, ಸಂಘದವರು ಕ್ಷಮಿಸಿ. 1863ರಲ್ಲಿ ರೂಢಿಯಲ್ಲಿದ್ದದ್ದು ಹಸಿ ಪ್ಲೇಟು. ಗಾಜನ್ನು ತಿಕ್ಕಿ ತೊಳೆದು, ಅದರ ಮೇಲೆ ಕೊಲೋಡಿಯನ್ ಅನ್ನುವ ಅಂಟು ದ್ರಾವಣ ಹುಯ್ಯಬೇಕು. ಗಾಜನ್ನು ಆಚೀಚೆ ವಾಲಿಸಿ ನಾಲ್ಕು ಮೂಲೆಗೂ ಸಮನಾಗಿ ಹರಿಸಬೇಕು. ಕಾವಲಿ ಮೇಲೆ ನೀರುದೋಸೆ ಹುಯ್ದು ಬಾಣಲೆ ತಿರುಗಿಸುವ ಹಾಗೆ ಅಂದುಕೊಳ್ಳಿ. ಆಮೇಲೆ ಕತ್ತಲಲ್ಲಿ ಬೆಳ್ಳಿಯ ಉಪ್ಪಿನ ನೀರಿನಲ್ಲಿ ಅದ್ದಬೇಕು. ಇನ್ನೂ ಒದ್ದೆ ಇರುವಾಗಲೇ ಕ್ಯಾಮೆರಾಕ್ಕೆ ಹಾಕಿ, ಚಿತ್ರ ತೆಗೆದು, ವಾಪಸ್ ಕತ್ತಲಿಗೆ ಓಡಿ ಡೆವಲಪ್ ಮಾಡಬೇಕು. ಇಷ್ಟೆಲ್ಲ ಹತ್ತು ಹದಿನೈದು ನಿಮಿಷದಲ್ಲಿ ಮುಗಿಯಬೇಕು. ಒಣಗಿತೋ, ಕೆಟ್ಟಿತು. ವಿಕ್‌ನಂಥ ಗಾಳಿಯ ಊರಿನ ಬಂದರಿನಲ್ಲಿ ನಿಂತು ಇದನ್ನು ಮಾಡುವುದು ಅಂದರೆ ಯೋಚಿಸಿ. 1870ರ ದಶಕದ ಕೊನೆಗೆ ಅಂಗಡಿಯಲ್ಲಿ ಒಣ ಪ್ಲೇಟು ಸಿಗಲು ಶುರುವಾಯಿತು, ಆಗ ಫೋಟೋಗ್ರಾಫರುಗಳು ಉಸಿರುಬಿಟ್ಟರು.

ಈಗ ಮೀನು ಸೀಳುವ ಹುಡುಗಿಯರು. ಈ ಉಪನ್ಯಾಸಕ್ಕೆ ನಾನು ಒಪ್ಪಿಕೊಂಡಿದ್ದೇ ಇವರಿಗಾಗಿ.

ಹೆರಿಂಗ್ ಬೇಗ ಕೆಡುವ ಮೀನು. ಹಿಡಿದ ಒಂದು ದಿನದೊಳಗೆ ಕರುಳು ತೆಗೆದು ಉಪ್ಪು ಹಾಕಬೇಕು. ಆ ಕೆಲಸ ಹೆಂಗಸರದು. ಮೂವರದ್ದು ಒಂದು ತಂಡ: ಇಬ್ಬರು ಸೀಳುವವರು, ಒಬ್ಬಳು ಪೀಪಾಯಿ ತುಂಬುವವಳು. ಸಾಮಾನ್ಯವಾಗಿ ತುಂಬುವವಳು ಎತ್ತರದವಳು, ಯಾಕೆಂದರೆ ಅವಳು ಪೀಪಾಯಿಯ ತಳದವರೆಗೂ ಬಗ್ಗಿ ಮೊದಲ ಸಾಲು ಜೋಡಿಸಬೇಕು. ಸೀಳುವವರ ಮುಂದೆ ಫಾರ್ಲಿನ್ ಅಂತ ಉದ್ದನೆಯ ಮರದ ತೊಟ್ಟಿ. ಮೀನು ಅದಕ್ಕೆ ಸುರಿಯುತ್ತಾರೆ. ಕೈಯಲ್ಲಿ ಗಿಡ್ಡ ಚೂರಿ. ಚುಚ್ಚಿ, ತಿರುವಿ, ಕರುಳು ಒಂದು ಕಡೆ, ಮೀನು ಇನ್ನೊಂದು ಕಡೆ. ಅದೇ ಕ್ಷಣದಲ್ಲಿ ಗಾತ್ರ ನೋಡಿ ಬೇರೆ ಬೇರೆ ಬುಟ್ಟಿಗೆ ಎಸೆಯಬೇಕು. ಅಳತೆ ಪಟ್ಟಿ ಇಲ್ಲ, ಕಣ್ಣೇ ಪಟ್ಟಿ. ಕೈ ಪಳಗಿದವರು ನಿಮಿಷಕ್ಕೆ ನಲವತ್ತು, ಐವತ್ತು, ಕೆಲವರು ಅರವತ್ತು ಮೀನು ಸೀಳುತ್ತಿದ್ದರಂತೆ.

ಇಂಥ ಚಿತ್ರ ಸಿಕ್ಕರೆ ಮುಖ ಆಮೇಲೆ ನೋಡಿ, ಮೊದಲು ಕೈ ನೋಡಿ. ಬೆರಳುಗಳಿಗೆಲ್ಲ ಬಿಳಿ ಬಟ್ಟೆಯ ಪಟ್ಟಿ. ಗಾಯಕ್ಕೆ ಕಟ್ಟಿದ್ದಲ್ಲ, ಗಾಯ ಆಗದಿರಲಿ ಅಂತ ಕಟ್ಟಿದ್ದು. ಹಿಟ್ಟಿನ ಚೀಲದ ಹತ್ತಿ ಬಟ್ಟೆ ಹರಿದು, ಒಂದೊಂದೇ ಬೆರಳಿಗೆ ಸುತ್ತಿ, ದಾರ ಕಟ್ಟಿ, ಹಲ್ಲಿನಿಂದ ಗಂಟು ಬಿಗಿದದ್ದು. ಅದಕ್ಕೆ ಅವರು ಕ್ಲೂಟಿ ಅನ್ನುತ್ತಿದ್ದರು. ಹಾಗಿದ್ದರೂ ಚೂರಿ ತಾಗುತ್ತಿತ್ತು. ತಾಗಿದ ಜಾಗಕ್ಕೆ ದಿನವಿಡೀ ಉಪ್ಪು. ಹೆಚ್ಚು ಹೇಳಬೇಕಾಗಿಲ್ಲ, ಅಲ್ವಾ?

ಇವರಲ್ಲಿ ಎಷ್ಟೋ ಜನ ವಿಕ್‌ನವರಲ್ಲ. ಪಶ್ಚಿಮದ ದ್ವೀಪಗಳಿಂದ ಬಂದು ಗೇಲಿಕ್ ಮಾತಾಡುತ್ತಿದ್ದವರು. ಮುಂಚೆಯೇ ಒಂದಿಷ್ಟು ಮುಂಗಡ ಕೊಟ್ಟು ಇವರನ್ನು ಗೊತ್ತುಮಾಡುತ್ತಿದ್ದರು. ಮೀನು ಕರಾವಳಿ ಹಿಡಿದು ದಕ್ಷಿಣಕ್ಕೆ ಹೋದ ಹಾಗೆ ಇವರೂ ಒಂದೊಂದು ಮರದ ಪೆಟ್ಟಿಗೆ ಹೊತ್ತು ಹೋಗುತ್ತಿದ್ದರು, ಷೆಟ್ಲೆಂಡ್‌ನಿಂದ ಇಂಗ್ಲೆಂಡಿನ ಯಾರ್ಮತ್‌ವರೆಗೂ. ಬಿಡುವು ಸಿಕ್ಕಾಗ, ನಡೆಯುವಾಗ ಸಹ, ಕೈಯಲ್ಲಿ ಹೆಣಿಗೆ. ರೈಲಿನ ಅಜ್ಜಿ ನನಗೆ ಅಲ್ಲಿ ನೆನಪಾದರು. ಊರಿಗೆ ಹೊಸಬರು ತುಂಬಿಕೊಂಡಾಗ ಜಗಳವೂ ಸಹಜ. 1859ರಲ್ಲಿ ಇಬ್ಬರು ಹುಡುಗರು ಒಂದು ಹಣ್ಣಿಗಾಗಿ ಕಿತ್ತಾಡಿದ್ದು ಲೂಯಿಸ್ ದ್ವೀಪದ ಬೆಸ್ತರಿಗೂ ವಿಕ್‌ನವರಿಗೂ ದಿನಗಟ್ಟಲೆ ಹೊಡೆದಾಟವಾಯಿತು.

ಈ ಹುಡುಗಿಯರು ರಜೆ ಸಿಕ್ಕ ಮಧ್ಯಾಹ್ನ ಸ್ಟುಡಿಯೋಗೆ ಹೋಗಿ ಫೋಟೋ ತೆಗೆಸಿಕೊಳ್ಳುವ ರೂಢಿ ಹೆರಿಂಗ್ ಊರುಗಳಲ್ಲೆಲ್ಲ ಇತ್ತು. ಮನೆಗೆ ಕಳಿಸಲಿಕ್ಕೆ. ಕೆಲವರು ಚೆಂದದ ಬಟ್ಟೆ ಹಾಕಿಕೊಂಡು. ಇನ್ನು ಕೆಲವರು ಬೇಕಂತಲೇ ಎಣ್ಣೆಬಟ್ಟೆಯ ಏಪ್ರನ್ನು, ಬೂಟು, ಬೆರಳಿಗೆ ಪಟ್ಟಿ ಕಟ್ಟಿಕೊಂಡೇ, ಹಿಂದೆ ಬಣ್ಣದ ಪರದೆಯ ಮುಂದೆ ಮೂವರೂ ತೋಳು ಕಟ್ಟಿ ನಿಂತು. ಪಾಪ ಬಡ ಹೆಂಗಸರು ಅಂತ ನಾವು ಅನ್ನುವ ಮೊದಲೇ ಆ ತೋಳು ನಮ್ಮ ಬಾಯಿ ಮುಚ್ಚಿಸುತ್ತದೆ.

ಕ್ಯಾಮೆರಾ ಬರುವ ಮೊದಲೇ ಆಗಿಹೋದದ್ದೂ ಇದೆ. 1848ರ ಆಗಸ್ಟ್ 19ರ ಬಿರುಗಾಳಿಯಲ್ಲಿ ಆ ಕರಾವಳಿಯ ನೂರು ಜನ ಬೆಸ್ತರು ಸತ್ತರು. ಅವರಲ್ಲಿ 37 ಮಂದಿ ವಿಕ್‌ನವರು. ಎಷ್ಟೋ ದೋಣಿಗಳು ಬಂದರಿನ ಬಾಯಿಯಲ್ಲೇ, ಮನೆಯವರ ಕಣ್ಣೆದುರೇ ಮುಳುಗಿದವು, ಯಾಕೆಂದರೆ ನೀರು ಇಳಿದಾಗ ಬಂದರಿನೊಳಗೆ ನುಗ್ಗುವಷ್ಟು ಆಳ ಇರಲಿಲ್ಲ. ಆ ದೋಣಿಗಳಿಗೆ ಮೇಲ್ಹಾಸೂ ಇರಲಿಲ್ಲ. ಕ್ಯಾಪ್ಟನ್ ವಾಷಿಂಗ್ಟನ್ ಅನ್ನುವವರ ವರದಿ ಈ ಎರಡನ್ನೂ ಎತ್ತಿ ಹೇಳಿತು. ಮುಂದೆ ಸ್ಟೀವನ್‌ಸನ್ ಮನೆತನದ ಎಂಜಿನಿಯರುಗಳು ಅಲ್ಲಿ ಅಲೆತಡೆ ಕಟ್ಟಲು ಹೋದರು. 1872ರ ಚಂಡಮಾರುತ ಅದರ ತುದಿಯ 1,350 ಟನ್ ತೂಕದ ಗಡ್ಡೆಯನ್ನು ಎತ್ತಿ ಆಚೆ ಹಾಕಿತು. ಇನ್ನೂ ದೊಡ್ಡದು ಕಟ್ಟಿದರು. 1877ರಲ್ಲಿ ಅದನ್ನೂ ಹಾಕಿತು. ಆಮೇಲೆ ಬಿಟ್ಟೇಬಿಟ್ಟರು. ಆ ಮನೆಯ ಹುಡುಗ ರಾಬರ್ಟ್ ಲೂಯಿಸ್ 1868ರಲ್ಲಿ ಕೆಲಸ ಕಲಿಯಲು ಅಲ್ಲಿಗೆ ಬಂದು ಮುಳುಗುಗಾರರ ಉಡುಪು ಹಾಕಿ ಸಮುದ್ರಕ್ಕೂ ಇಳಿದಿದ್ದ. ಎಂಜಿನಿಯರ್ ಆಗಲಿಲ್ಲ, ಕಥೆ ಬರೆಯಲು ಹೋದ.

ಮೊದಲ ಮಹಾಯುದ್ಧ, ರಷ್ಯಾದ ಕ್ರಾಂತಿ ಆದಮೇಲೆ ಉಪ್ಪು ಹೆರಿಂಗ್ ಕೊಳ್ಳುತ್ತಿದ್ದ ಮಾರುಕಟ್ಟೆಗಳು ಕೈತಪ್ಪಿದವು. ದೋಣಿ ಕಮ್ಮಿಯಾದವು, ಪೀಪಾಯಿ ಕಮ್ಮಿಯಾದವು. ಅದರ ಮೇಲೆ 1922ರಿಂದ 1947ರವರೆಗೆ ಊರಲ್ಲಿ ಪಾನನಿಷೇಧ ಬೇರೆ. 1826ರಿಂದ ವಿಸ್ಕಿ ಮಾಡುವ ಕಾರ್ಖಾನೆ ಇರುವ ಊರಲ್ಲಿ! ಜಾನ್‌ಸ್ಟನ್ ಮನೆಯವರು ಮಾತ್ರ ಫೋಟೋ ತೆಗೆಯುತ್ತಲೇ ಇದ್ದರು. ಮೀನು ಬರಲಿ ಬಿಡಲಿ, ಮದುವೆ ನಿಲ್ಲುವುದಿಲ್ಲವಲ್ಲ.

1940ರ ಜುಲೈ 1ರ ಸಂಜೆ ಜರ್ಮನ್ ವಿಮಾನವೊಂದು ಬಂದರಿನ ಪಕ್ಕದ ಬ್ಯಾಂಕ್ ರೋ ಬೀದಿಗೆ ಬಾಂಬು ಹಾಕಿತು. 15 ಜನ ಸತ್ತರು. ಅವರಲ್ಲಿ ಬೀದಿಯಲ್ಲಿ ಆಡುತ್ತಿದ್ದ ಮಕ್ಕಳೂ ಇದ್ದರು. ಇವತ್ತು ಅದೇ ಬ್ಯಾಂಕ್ ರೋದಲ್ಲಿ ಊರವರ ಮ್ಯೂಸಿಯಂ ಇದೆ. ವಿಕ್ ಸೊಸೈಟಿ ಅಂತ ಊರ ಜನ ಕಟ್ಟಿಕೊಂಡ ಸಂಘ ಅದನ್ನು ನಡೆಸುತ್ತದೆ. ಸಂಬಳದವರಿಲ್ಲ, ಪುಕ್ಕಟೆ ಬಂದು ಕೂರುವ ಅಜ್ಜ ಅಜ್ಜಿಯರು. ಜಾನ್‌ಸ್ಟನ್ ಗಾಜುಗಳು ಅವರ ಕೈಗೆ ಬಂದವು. ಸ್ಕ್ಯಾನ್ ಮಾಡಿ ಇಂಟರ್ನೆಟ್ಟಿಗೂ ಹಾಕಿದ್ದಾರೆ.

ಅಲ್ಲಿ ಕೂತಿದ್ದ ಒಬ್ಬ ಅಜ್ಜನನ್ನು ಕೇಳಿದೆ: ಇದರಲ್ಲಿ ಕಷ್ಟದ ಕೆಲಸ ಯಾವುದು, ಗಾಜು ಒರೆಸುವುದಾ? ಅವರು ತಲೆ ಆಡಿಸಿದರು. "ಹೆಸರು" ಅಂದರು. ಒಂದು ಶಾಲೆಯ ಗುಂಪು ಚಿತ್ರ ತೆಗೆದು ತೋರಿಸಿದರು. ಮೂವತ್ತು ಚಿಲ್ಲರೆ ಮಕ್ಕಳು, ಮುಂದಿನ ಸಾಲಿನ ಒಬ್ಬ ಅಲ್ಲಾಡಿ ಮುಖವೇ ಮಸುಕು. ಒಂದು ಹಾಳೆಯಲ್ಲಿ ತಲೆಗಳ ಗೆರೆಚಿತ್ರ, ಒಂದೊಂದು ತಲೆಗೆ ಒಂದೊಂದು ನಂಬರು. ಹನ್ನೊಂದು ನಂಬರಿನ ಮುಂದೆ ಹೆಸರಿತ್ತು. ಉಳಿದವು ಖಾಲಿ. "ನಾಲ್ಕನೆಯವಳನ್ನು ಹೋದ ತಿಂಗಳು ಅವಳ ಮೊಮ್ಮಗಳು ಬಂದು ಗುರುತು ಹಿಡಿದಳು" ಅಂದರು. ಕಿವಿ ನೋಡಿ ಹಿಡಿದಳಂತೆ. ಆ ಮನೆಯವರೆಲ್ಲರದ್ದೂ ಅದೇ ಕಿವಿಯಂತೆ.

ನಾನು ಊರಿಗೆ ಬಂದವನೇ ಅಮ್ಮನ ಟ್ರಂಕು ತೆಗೆದೆ. ಅಮ್ಮ ಅಪ್ಪನ ಮದುವೆಯ ವರ್ಷದ ಫೋಟೋ, ಬೆನ್ನಿಗೆ ಸ್ಟುಡಿಯೋ ಸೀಲು, ಪೆನ್ಸಿಲ್ಲಿನಲ್ಲಿ ನೆಗೆಟಿವ್ ನಂಬರು: 2217. ಹೋಗಿ ಕೇಳಿದೆ. ಸ್ಟುಡಿಯೋ ಇದ್ದಲ್ಲಿ ಈಗ ಮೊಬೈಲ್ ಅಂಗಡಿ. ಯಜಮಾನರ ಮಗ ಸಿಕ್ಕಿದರು, ಒಳ್ಳೆಯ ಮನುಷ್ಯ, ಕಾಫಿ ಕೊಟ್ಟರು. ನೆಗೆಟಿವ್‌ಗಳನ್ನೆಲ್ಲ ಬೆಳ್ಳಿ ತೆಗೆಯುವವರಿಗೆ ತೂಕಕ್ಕೆ ಹಾಕಿದೆವು ಅಂದರು. ಎಷ್ಟು ಬಂತು ಅಂತ ಕೇಳಿದೆ. ನೆನಪಿಲ್ಲ, ಸಣ್ಣ ದುಡ್ಡು ಅಂದರು.

ಆ ಫೋಟೋ ಇವತ್ತು ತಂದಿದ್ದೇನೆ. ಅಮ್ಮ ಅಪ್ಪನ ಹಿಂದೆ ನಾಲ್ಕು ಜನ ನಿಂತಿದ್ದಾರೆ. ಮೂವರು ಗೊತ್ತು. ಎಡಗಡೆ, ಕೈಯಲ್ಲಿ ಕೊಡೆ ಹಿಡಿದವರು ಯಾರು ಅಂತ ಅಮ್ಮನಿಗೂ ಈಗ ನೆನಪಿಲ್ಲ. ಕಲ್ಯಾಣಪುರ ಕಡೆಯವರು ಅಂತ ಮಾತ್ರ ಹೇಳುತ್ತಾರೆ. ಟೇಬಲ್ ಮೇಲೆ ಇಟ್ಟಿರುತ್ತೇನೆ. ಹಿರಿಯರು ಯಾರಾದರೂ ಹೋಗುವ ಮೊದಲು ಒಂದು ಸಲ ನೋಡಿ. ಹುಡುಗಾ, ಲೈಟ್ ಹಾಕಪ್ಪ.